ಹಡಗು ಬಿಟ್ಟುಹೋದ ಬಂದರು, ಉಳಿದುಕೊಂಡ ಕೋಟೆ: ಶ್ರೀಲಂಕಾದ ಗಾಲ್

ಕ್ರಿಕೆಟ್ ನೋಡುವವರಿಗೆ ಗಾಲ್ ಹೊಸ ಹೆಸರೇನಲ್ಲ. ಬೌಂಡರಿ ಗೆರೆಯಾಚೆ ಹುಲ್ಲು ಹೊದ್ದ ಎತ್ತರದ ಗೋಡೆ, ಅದರ ಹಿಂದೊಂದು ಗಡಿಯಾರದ ಗೋಪುರ, ಗೋಡೆ ಮೇಲೆ ಕೂತು ಬಿಟ್ಟಿಯಾಗಿ ಪಂದ್ಯ ನೋಡುವ ಜನ. 2008ರಲ್ಲಿ ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ಭಾರತ ಇಲ್ಲಿ ಗೆದ್ದಾಗ ಸೆಹ್ವಾಗ್ ಔಟಾಗದೆ 201 ಹೊಡೆದಿದ್ದರು. 2010ರಲ್ಲಿ ಮುರಳೀಧರನ್ 800ನೇ ವಿಕೆಟ್ ಕಿತ್ತು ಟೆಸ್ಟ್‌ಗೆ ವಿದಾಯ ಹೇಳಿದ್ದೂ ಇಲ್ಲೇ. ಆ ಗೋಡೆಯ ಹಿಂದೆ ಇರುವುದು ಪಾಳುಬಿದ್ದ ಕೋಟೆ ಅಂದುಕೊಂಡವರೇ ಹೆಚ್ಚು. ನಿಜವಾಗಿ ಅಲ್ಲಿರುವುದು ಒಂದು ಊರು. ಜನ ಸಂಸಾರ ಮಾಡಿಕೊಂಡಿರುವ ಊರು. ಅದು ಇನ್ನೆಷ್ಟು ದಿನ ಹಾಗೆ ಇರುತ್ತದೆ ಅನ್ನುವುದೇ ಈಗಿನ ಪ್ರಶ್ನೆ.

ಯುರೋಪಿನವರು ಬರುವ ಮೊದಲೇ ಗಾಲ್ ಹಡಗುಗಳ ತಂಗುದಾಣವಾಗಿತ್ತು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಇದನ್ನು 'ಕಾಲಿ' ಎಂದು ಕರೆದಿದ್ದಾನೆ. ಇಲ್ಲಿ ಸಿಕ್ಕ ಒಂದು ಶಾಸನವಂತೂ ಬಂದರಿನ ಪೂರ್ತಿ ಕಥೆ ಹೇಳುತ್ತದೆ. ಚೀನಾದ ನೌಕಾಧಿಪತಿ ಝೆಂಗ್ ಹೆ ಸ್ಥಾಪಿಸಿದ ಆ ಕಲ್ಲಿನ ಮೇಲಿರುವ ವರ್ಷ 1409. ಅದರಲ್ಲಿ ಚೀನೀ, ತಮಿಳು, ಪರ್ಷಿಯನ್ ಹೀಗೆ ಮೂರು ಭಾಷೆಗಳಿವೆ. ಚೀನೀ ಪಾಠದಲ್ಲಿ ಬುದ್ಧನಿಗೆ ಕಾಣಿಕೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ. ಬಂದರಿನಲ್ಲಿ ಯಾರನ್ನೂ ಬಿಡುವ ಹಾಗಿಲ್ಲವಲ್ಲ! 1911ರಲ್ಲಿ ಸಿಕ್ಕಾಗ ಈ ಕಲ್ಲು ಒಂದು ಮೋರಿಗೆ ಮುಚ್ಚಳವಾಗಿತ್ತು. ಈಗ ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಬಂದರು, ಆ ಶತಮಾನ ಮುಗಿಯುವ ಹೊತ್ತಿಗೆ ಒಂದು ಕೋಟೆ ಕಟ್ಟಿಕೊಂಡರು. 1640ರಲ್ಲಿ ಕ್ಯಾಂಡಿಯ ದೊರೆ ಎರಡನೇ ರಾಜಸಿಂಹನ ಜೊತೆ ಕೈಜೋಡಿಸಿದ್ದ ಡಚ್ಚರು ಅದನ್ನು ಕಿತ್ತುಕೊಂಡರು. ನಾವಿಂದು ನೋಡುವುದು ಬಹುಪಾಲು ಡಚ್ಚರ ಕೆಲಸ. ಭೂಮಿಯ ಕಡೆಗೆ ಮೂರು ಭಾರಿ ಕೊತ್ತಲಗಳು, ಹೆಸರು ಸೂರ್ಯ, ಚಂದ್ರ, ನಕ್ಷತ್ರ. ಉಳಿದ ದಿಕ್ಕುಗಳಲ್ಲಿ ಕಡಲಿಗೆ ಮುಖಮಾಡಿದ ಗೋಡೆ.

ಯುನೆಸ್ಕೋ 1988ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಮುಖ್ಯ ಕಾರಣ ಗೋಡೆಯ ಗಾತ್ರವಲ್ಲ. ನಕ್ಷೆ ಯುರೋಪಿನದು, ಕೈ ಇಲ್ಲಿನದು. ಗೋಡೆಯಲ್ಲಿ ಗ್ರಾನೈಟ್ ಜೊತೆ ಹವಳದ ಕಲ್ಲಿದೆ, ಉದ್ದಗಲದ ಲೆಕ್ಕವೂ ಸ್ಥಳೀಯ ಅಳತೆಯದೇ. ಬೀದಿಬದಿಯ ಮನೆಗಳಿಗೆ ಕಂಬದ ಜಗಲಿ, ಹೂವರಸಿ ಮರದ ನೆರಳು. ಡಚ್ಚರು ನೆಲದಡಿ ಮಾಡಿದ ಚರಂಡಿ ವ್ಯವಸ್ಥೆ ಇನ್ನೊಂದು ಸೋಜಿಗ. ಭರತದ ನೀರು ಒಳನುಗ್ಗಿ, ಇಳಿಯುವಾಗ ಕೊಳೆಯನ್ನೆಲ್ಲ ಕಡಲಿಗೆ ಎಳೆದೊಯ್ಯುತ್ತಿತ್ತು. ಪಂಪ್ ಬೇಡ, ಕರೆಂಟೂ ಬೇಡ.

1796ರಲ್ಲಿ ಬ್ರಿಟಿಷರ ಕೈಗೆ ಗಾಲ್ ಬಂದದ್ದು ಯುದ್ಧವಿಲ್ಲದೆ. ನಮ್ಮ ಕಡೆಗೂ ಇದರ ಒಂದು ಎಳೆ ಚಾಚಿದೆ. ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟ್ ಆ ಹೊತ್ತಿಗೆ ಬ್ರಿಟಿಷರ ಪಾಳೆಯ ಸೇರಿತು, 1799ರಲ್ಲಿ ಟಿಪ್ಪು ವಿರುದ್ಧ ಶ್ರೀರಂಗಪಟ್ಟಣಕ್ಕೂ ಬಂತು. ಅದರ ಅಧಿಕಾರಿಗಳ ಗೋರಿಗಳನ್ನು ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಇವತ್ತಿಗೂ ನೋಡಬಹುದು.

ಆವಿಹಡಗುಗಳ ಕಾಲದಲ್ಲಿ ಗಾಲ್ ಮೆರೆಯಿತು. ಕಲ್ಲಿದ್ದಲು ತುಂಬಿಸಿಕೊಳ್ಳಲು ಹಡಗುಗಳು ಇಲ್ಲೇ ನಿಲ್ಲುತ್ತಿದ್ದವು. ಆದರೆ ಬಂದರಿನ ಬಾಯಲ್ಲೇ ಬಂಡೆಗಳು, ಮೇಲಾಗಿ ನೈಋತ್ಯ ಮುಂಗಾರಿನ ಹೊಡೆತ. 1885ರಲ್ಲಿ ಕೊಲಂಬೊದ ಅಲೆತಡೆಗೋಡೆ ಮುಗಿದ ಮೇಲೆ ದೊಡ್ಡ ಹಡಗುಗಳು ಅತ್ತ ತಿರುಗಿದವು. ಊರಿನ ಪಾಲಿಗೆ ಇದು ಪೆಟ್ಟು, ಕಟ್ಟಡಗಳ ಪಾಲಿಗೆ ಮಾತ್ರ ವರ. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಬಳಿ ಇತ್ತು? ಕೊಲಂಬೊದ ಡಚ್ ಕೋಟೆಯ ಗೋಡೆ ಬೆಳೆಯುವ ನಗರಕ್ಕೆ ಅಡ್ಡಿಯೆಂದು ಮಾಯವಾಯಿತು. ಗಾಲ್‌ನದು ಹಾಗೇ ನಿಂತಿತು.

2004ರ ಡಿಸೆಂಬರ್ 26ರಂದು ಅದು ಬಳಕೆಗೂ ಬಂತು. ಸುನಾಮಿ ಹೊರಗಿನ ಹೊಸ ಊರು, ಬಸ್ ನಿಲ್ದಾಣ, ಕ್ರಿಕೆಟ್ ಮೈದಾನವನ್ನು ನುಂಗಿಹಾಕಿತು. ಗೋಡೆಯೊಳಗಿನ ಊರು ಬಹುಮಟ್ಟಿಗೆ ಬಚಾವಾಯಿತು. ಫಿರಂಗಿಗೆಂದು ಕಟ್ಟಿದ ಗೋಡೆ ತಡೆದದ್ದು ಕಡಲನ್ನು.

ಈಗ ನುಗ್ಗುತ್ತಿರುವುದು ಹಣ. 2002ರ ಕದನವಿರಾಮದ ನಂತರ ವಿದೇಶಿಯರು ಇಲ್ಲಿ ಮನೆ ಕೊಳ್ಳತೊಡಗಿದರು. ಹಳೆಯ ಮನೆಗಳು ಬುಟೀಕ್ ಹೋಟೆಲ್, ಕೆಫೆ, ಒಡವೆ ಅಂಗಡಿಗಳಾದವು. ಡಚ್ ಆಸ್ಪತ್ರೆಯಲ್ಲಿ ಇವತ್ತು ರೆಸ್ಟೋರೆಂಟ್‌ಗಳಿವೆ. ಚೆನ್ನಾಗಿ ದುರಸ್ತಿ ಆಗಿದೆ, ನಿಜ. ಕಟ್ಟಡ ಹಾಳುಬೀಳುವುದಕ್ಕಿಂತ ಇದೇ ವಾಸಿ ಅನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೆ ತಲೆಮಾರುಗಳಿಂದ ಇದ್ದ ಮುಸ್ಲಿಂ, ಸಿಂಹಳ ಕುಟುಂಬಗಳು ಒಳ್ಳೇ ಬೆಲೆ ಬಂತೆಂದು ಒಂದೊಂದಾಗಿ ಮಾರಿ ಹೋದರೆ ಉಳಿಯುವುದು ಬರೀ ಸೆಟ್. ನಿಯಮಗಳಿಗೆ ಕಾಣುವುದು ಗೋಡೆ, ಹೆಂಚು ಮಾತ್ರ. 2018ರಲ್ಲಿ ಕ್ರೀಡಾಂಗಣದ ಪೆವಿಲಿಯನ್ ಪರಂಪರೆಗೆ ಧಕ್ಕೆ ತರುತ್ತದೆ, ಕೆಡವಬೇಕು ಅಂತ ದೊಡ್ಡ ಸದ್ದಾಗಿತ್ತು. ಬಾಡಿಗೆ ಏರಿ ಜನ ಖಾಲಿ ಮಾಡಿದರೆ ಅಂಥ ಸದ್ದು ಕೇಳಿಸುವುದಿಲ್ಲ.

ಹೋಗುವವರಿಗೆ: ಕೊಲಂಬೊ ಫೋರ್ಟ್ ನಿಲ್ದಾಣದಿಂದ ಕಡಲಂಚಿನ ರೈಲು ಹಿಡಿಯಿರಿ, ಸುಮಾರು ಎರಡೂವರೆ ಮೂರು ಗಂಟೆಯ ದಾರಿ. ಎಕ್ಸ್‌ಪ್ರೆಸ್‌ವೇ ಬೇಗ ತಲುಪಿಸುತ್ತದೆ, ಆದರೆ ಕಡಲು ತೋರಿಸುವುದಿಲ್ಲ. ಕೋಟೆಗೆ ಟಿಕೆಟ್ ಇಲ್ಲ. ಹಳೆಯ ದ್ವಾರದ ಹೊರಮುಖದಲ್ಲಿ ಬ್ರಿಟಿಷ್ ಲಾಂಛನ, ಒಳಮುಖದಲ್ಲಿ 1669 ಎಂದು ಕೆತ್ತಿದ ಡಚ್ ಕಂಪನಿಯ ಲಾಂಛನ ಇದೆ, ತಿರುಗಿ ನೋಡುವುದನ್ನು ಮರೆಯಬೇಡಿ. 1755ರ ಡಚ್ ಚರ್ಚಿನಲ್ಲಿ ಸಮಾಧಿ ಕಲ್ಲುಗಳೇ ನೆಲಹಾಸು. 1939ರ ದೀಪಸ್ತಂಭದ ಎದುರಿನ ಬಿಳಿ ಕಟ್ಟಡ ದೂರಕ್ಕೆ ಚರ್ಚಿನಂತೆ ಕಂಡರೂ ಅದು ಮೀರನ್ ಮಸೀದಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹವೆ ಚೆನ್ನಾಗಿರುತ್ತದೆ.

ಸೂರ್ಯಾಸ್ತಕ್ಕೆ ಗೋಡೆ ಮೇಲೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಆದರೆ ಊರು ನೋಡಬೇಕಿದ್ದರೆ ವಾರದ ನಡುವೆ ಒಂದು ಬೆಳಗ್ಗೆ ಬನ್ನಿ. ಕೋರ್ಟಿನ ಮುಂದೆ ಆಲದ ನೆರಳಲ್ಲಿ ಕರಿಕೋಟಿನ ವಕೀಲರು, ಫೈಲು ಹಿಡಿದ ಕಕ್ಷಿದಾರರು, ಬಿಳಿ ಸಮವಸ್ತ್ರದಲ್ಲಿ ಶಾಲೆಗೆ ಓಡುವ ಮಕ್ಕಳು ಸಿಗುತ್ತಾರೆ. ಕೆಫೆಗಳಿನ್ನೂ ಬಾಗಿಲು ತೆರೆದಿರುವುದಿಲ್ಲ.