ಬಿಟ್ಟಿ ಮತ್ತು ಜೀತ: ವೇಮಗಲ್ ಸೀಮೆಯ ಎರಡು ದುಡಿಮೆಯ ಮಾತುಗಳು

ಅರಸರ ವಂಶಾವಳಿಗೆ ಶಾಸನಗಳು ಆಕರವಾದರೆ, ದುಡಿದವರ ಚರಿತ್ರೆಗೆ ಆಡುಮಾತೂ ಒಂದು ಆಕರವೇ ಸರಿ. ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ಕೋಲಾರ ತಾಲ್ಲೂಕಿನ ವೇಮಗಲ್ ಸೀಮೆಯಲ್ಲಿ ಈ ಆಕರವು ಸಮೃದ್ಧವಾಗಿದೆ. ಅದರಿಂದ ಎರಡು ಮಾತುಗಳನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ‘ಬಿಟ್ಟಿ’. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಪ್ರಭುತ್ವವು ಪ್ರಜೆಗಳಿಂದ ಬಲವಂತವಾಗಿ ಪಡೆಯುತ್ತಿದ್ದ ದುಡಿಮೆಗೆ ಈ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದರ ಪ್ರಸ್ತಾಪವಿದೆ. 11ನೆಯ ಶತಮಾನದಲ್ಲಿ ಕೋಲಾರ ಪ್ರಾಂತವನ್ನಾಳಿದ ಚೋಳರ ತಮಿಳು ಶಾಸನಗಳಲ್ಲಿ ಇದು ‘ವೆಟ್ಟಿ’ ಎಂಬ ರೂಪದಲ್ಲಿ, ತೆರಿಗೆಗಳ ಸಾಲಿನಲ್ಲಿ ಕಾಣಬರುತ್ತದೆ. ಕಾಲಕ್ರಮದಲ್ಲಿ ‘ಬಿಟ್ಟಿ’ಯೆಂದರೆ ಬೆಲೆ ತೆರದೆ ದೊರೆತದ್ದು ಎಂದಾಯಿತು. ‘ಬಿಟ್ಟಿ ಚಾಕರಿ’ ಎಂಬಲ್ಲಿ ಹಳೆಯ ನೋವು ಉಳಿದಿದೆ. ‘ಬಿಟ್ಟಿ ಕೂಳು’ ಎಂಬ ಹೀಯಾಳಿಕೆಯಲ್ಲಾದರೋ ನಿಂದೆಯು ದುಡಿಸಿಕೊಂಡವನನ್ನು ಬಿಟ್ಟು ಉಣ್ಣುವವನ ಮೇಲೆ ಬಿದ್ದಿದೆ.

‘ಜೀತ’ದ ಗತಿ ಇದಕ್ಕೆ ವಿಪರೀತವಾದದ್ದು. ‘ಜೀವಿತ’ದ ತದ್ಭವವಾದ ಈ ಮಾತಿಗೆ ಹಿಂದೆ ಸಂಬಳ, ಜೀವನೋಪಾಯ ಎಂಬ ಅರ್ಥವಿತ್ತು. ತೆಲುಗಿನಲ್ಲಿ ಇಂದಿಗೂ ಕಚೇರಿಯ ನೌಕರನು ಪಡೆಯುವ ವೇತನ ‘ಜೀತಂ’. ಕನ್ನಡದಲ್ಲಿ ಅದೇ ಮಾತು ಸಾಲಕ್ಕಾಗಿ ಒಡೆಯನ ಮನೆಯಲ್ಲಿ ದುಡಿಯುವ ಬಂಧನಕ್ಕೆ ಸಂದಿತು. ‘ಜೀತಕ್ಕಿರು’ ಎಂಬ ಪ್ರಯೋಗವನ್ನು ಬಿಡಿಸಿ ನೋಡಿದರೆ ಸಂಬಳಕ್ಕಿರು ಎಂದಷ್ಟೇ ಅರ್ಥ. ಆದರೆ ಸಂಬಳವು ಮುಂಗಡ ಸಾಲಕ್ಕೇ ವಜಾ ಆಗುತ್ತಿದ್ದಲ್ಲಿ, ಸಂಬಳದ ಹೆಸರೇ ಸಂಕೋಲೆಯ ಹೆಸರಾದುದರಲ್ಲಿ ಆಶ್ಚರ್ಯವೇನು?

ಹೀಗೆ ಸುಲಿಗೆಯ ಮಾತು ಪುಕ್ಕಟೆಯ ಮಾತಾಯಿತು; ಸಂಬಳದ ಮಾತು ದಾಸ್ಯದ ಮಾತಾಯಿತು. ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕೇಂದ್ರ ಕಾಯಿದೆಯು ದೇಶದ ನಾನಾ ಭಾಗಗಳ ದಾಸ್ಯದುಡಿಮೆಯ ಹೆಸರುಗಳನ್ನು ಪಟ್ಟಿಮಾಡುತ್ತದೆ. ಅದರಲ್ಲಿ ‘ಜೀತ’, ‘ವೆಟ್ಟಿ’ ಎರಡೂ ಇವೆ. ಆಡುಮಾತು ದೂರಮಾಡಿದ್ದ ಎರಡನ್ನು ಶಾಸನವು ಮತ್ತೆ ಒಂದೆಡೆ ತಂದಿತು.

ಇಂದು ವೇಮಗಲ್ಲಿನಲ್ಲಿ ಕೈಗಾರಿಕಾ ಪ್ರದೇಶವಿದೆ. ಇದೇ ತಾಲ್ಲೂಕಿನ ನರಸಾಪುರದ ಕಾರ್ಖಾನೆಯೊಂದರಲ್ಲಿ 2020ರ ಡಿಸೆಂಬರಿನಲ್ಲಿ ವೇತನ ಸರಿಯಾಗಿ ಸಂದಿಲ್ಲವೆಂದು ಗುತ್ತಿಗೆ ಕಾರ್ಮಿಕರು ಸಿಡಿದೆದ್ದರು. ‘ಗುತ್ತಿಗೆ’ಯೂ ಹಳೆಯ ಮಾತೇ, ಹಿಂದೆ ಅದು ಭೂಮಿಯ ನಿಶ್ಚಿತ ಗೇಣಿಗೆ ಸಲ್ಲುತ್ತಿತ್ತು. ಈಗ ಮನುಷ್ಯನ ದುಡಿಮೆಗೆ ಅಂಟಿಕೊಂಡಿರುವ ಆ ಮಾತಿಗೆ ಮುಂದೆ ಯಾವ ಅರ್ಥ ನಿಲ್ಲುವುದೆಂಬುದನ್ನು ನಿಘಂಟುಕಾರರು ನಿರ್ಣಯಿಸಲಾರರು. ಅದು ನಿರ್ಣಯವಾಗುವುದು ಸಂಬಳದ ದಿನದಂದು.