ಚಿತ್ತವಿಕಲತೆಗೆ ಮಾತಿನ ಚಿಕಿತ್ಸೆ

ಇಲ್ಲದ ದನಿ ಕಿವಿಗೆ ಬೀಳುವುದು, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಅಲುಗಾಡದ ನಂಬಿಕೆ, ಮಾತಿನ ಎಳೆ ತಪ್ಪುವುದು ಚಿತ್ತವಿಕಲತೆಯ ಮುಖ್ಯ ಲಕ್ಷಣಗಳು. ಸ್ಕಿಜೋಫ್ರೀನಿಯಾ ಈ ಗುಂಪಿನ ಪ್ರಮುಖ ಕಾಯಿಲೆ. ಇದಕ್ಕೆ ಮಾತುಕತೆಯಿಂದ ನೀಡುವ ಚಿಕಿತ್ಸೆ ಮಾತ್ರೆಯ ಜೊತೆಗಿರಬೇಕೋ ಮಾತ್ರೆಯ ಬದಲಿಗೋ ಎಂಬುದು ಬಹುಕಾಲದ ಚರ್ಚೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಪಕ್ಕದ ಸೊರಬ ಸೀಮೆಗಳ ಓದುಗರಿಗೆ ಈ ವಿಷಯದಲ್ಲಿ ಹತ್ತಿರದ ಪುರಾವೆ ದೊರೆಯುವುದು ಅದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ.

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೀನಿಯಾ ಇರುವ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿದರು. ಅವರಲ್ಲಿ ಹಲವರು ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಈ ತಂಡದ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಹೋಲಿಕೆ ಸ್ಪಷ್ಟವಾಗಿದೆ. ಮಾತ್ರೆ ಮುಂದುವರಿಸಿದವರಲ್ಲೂ ಹೊಸದಾಗಿ ಶುರು ಮಾಡಿದವರಲ್ಲೂ ವರ್ಷದೊಳಗೆ ದಿನನಿತ್ಯದ ಅಸಾಮರ್ಥ್ಯ ಇಳಿಯಿತು. ಚಿಕಿತ್ಸೆಯಿಲ್ಲದೆ ಉಳಿದವರ ಸ್ಥಿತಿ ಇದ್ದಲ್ಲೇ ಇತ್ತು. ಆದರೆ ಮಾತ್ರೆ ಇಲ್ಲದವರಿಗೆ ಮಾತಿನ ಚಿಕಿತ್ಸೆಯಾದರೂ ಸಿಕ್ಕಿತ್ತೆಂದಲ್ಲ. ಹಾಗಾಗಿ ಇದು ಔಷಧದ ಗುಣವನ್ನು ಹೇಳುತ್ತದೆಯೇ ಹೊರತು ಮಾತಿನ ಸೋಲನ್ನಲ್ಲ.

ಮಾತಿನ ಚಿಕಿತ್ಸೆ ಎಂದರೆ ಬುದ್ಧಿ ಹೇಳುವುದಲ್ಲ. ಅಡಿಕೆ ಸುಲಿಯುತ್ತ ಕೂತವನಿಗೆ ಬೇಲಿಯಾಚೆಯಿಂದ ಯಾರೋ ಬೈದಂತೆ ಕೇಳುತ್ತದೆ ಎನ್ನೋಣ. ಮನೆಯವರು ‘ಅಲ್ಲಿ ಯಾರೂ ಇಲ್ಲ ಮಾರಾಯ’ ಎಂದು ವಾದಿಸುತ್ತಾರೆ. ಅವನು ಇನ್ನಷ್ಟು ಒಳಸರಿಯುತ್ತಾನೆ. ಚಿಕಿತ್ಸಕರು ವಾದಕ್ಕಿಳಿಯುವುದಿಲ್ಲ. ದನಿ ಯಾವ ಹೊತ್ತಿಗೆ ಜೋರು, ನಿದ್ದೆಗೆಟ್ಟ ಮಾರನೆಯ ದಿನ ಹೇಗೆ, ಯಾರ ಜೊತೆಗಿದ್ದರೆ ತಗ್ಗುತ್ತದೆ, ಅದು ಹೇಳಿದಂತೆ ಕೇಳದಿದ್ದರೆ ನಿಜವಾಗಿ ಏನಾಯಿತು ಎಂದು ವಿಚಾರಿಸುತ್ತ ಹೋಗುತ್ತಾರೆ. ದನಿ ನಿಲ್ಲದಿದ್ದರೂ ಅದರ ಹಿಡಿತ ಸಡಿಲಾಗಬಹುದು. ಮನೆಯವರ ಜೊತೆಗಿನ ಮಾತುಕತೆ ಇನ್ನೊಂದು ಬಗೆ. ನಮ್ಮಲ್ಲಿ ರೋಗಿ ಇರುವುದು ಮನೆಯಲ್ಲೇ ಆದ್ದರಿಂದ ಇದೇ ಹೆಚ್ಚು ಉಪಯುಕ್ತ. ಎಡೆಬಿಡದ ಕಟಕಿ ಮತ್ತು ಗದರಿಕೆ ಕಾಯಿಲೆ ಮರುಕಳಿಸಲು ಕಾರಣವಾಗುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿದೆ.

ಮಾತ್ರೆ ಬೇಡವೆಂದವರ ಮೇಲೂ ಪ್ರಯೋಗಗಳಾಗಿವೆ. ಇಂಗ್ಲೆಂಡಿನಲ್ಲಿ 74 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಾತಿನ ಚಿಕಿತ್ಸೆಯಿಂದ ಲಕ್ಷಣಗಳು ಸಾಧಾರಣ ಮಟ್ಟಿಗೆ ತಗ್ಗಿದವು. ಫಿನ್ಲೆಂಡಿನ ಟೋರ್ನಿಯೊದಲ್ಲಿ ತಂಡವೇ ರೋಗಿಯ ಮನೆಗೆ ಹೋಗಿ ಬಂಧುಗಳನ್ನು ಕೂರಿಸಿಕೊಂಡು ಮಾತಾಡುವ, ಔಷಧವನ್ನು ಮಿತವಾಗಿ ಬಳಸುವ ಪದ್ಧತಿಯಿದೆ. ಅದರ ವರದಿಗಳು ಆಶಾದಾಯಕ. ಆದರೆ ಅಂಥ ತಂಡಕ್ಕೆ ಬೇಕಾದಷ್ಟು ಜನ ಮಲೆನಾಡಿನ ತಾಲ್ಲೂಕಿನಲ್ಲಿ ಎಲ್ಲಿದ್ದಾರೆ?

ಮಾತ್ರೆಯಿಲ್ಲದ ಇನ್ನೊಂದು ದಾರಿಯಾಗಿ ರೋಗಿಯನ್ನು ದೇವಸ್ಥಾನದಲ್ಲಿ ಉಳಿಸಿ ಗುಣವಾಗುವುದನ್ನು ಕಾಯುವ ರೂಢಿ ನಮ್ಮಲ್ಲಿ ಹಳೆಯದು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಮಾತ್ರೆಯಿಲ್ಲದೆ, ಸರಾಸರಿ ಆರು ವಾರಗಳಲ್ಲಿ ಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ಬೈಗುಳವಿರಲಿಲ್ಲ, ಮನೆಯವರೊಬ್ಬರು ಜೊತೆಗಿರುತ್ತಿದ್ದರು, ಗುಡಿಯ ಸಣ್ಣಪುಟ್ಟ ಕೆಲಸವಿತ್ತು. ಇದನ್ನೇ ನೆಪಮಾಡಿ ಎಲ್ಲ ಹರಕೆಯ ಜಾಗಗಳನ್ನೂ ಹೊಗಳುವಂತಿಲ್ಲ. ಅದೇ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ರೋಗಿಗಳನ್ನು ಇರಿಸುತ್ತಿದ್ದ ಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಸತ್ತರು.

ಔಷಧದ ಮೇಲಿನ ದೂರುಗಳು ಸುಳ್ಳಲ್ಲ. ತೂಕ ಏರುತ್ತದೆ, ಕೈ ನಡುಗುತ್ತದೆ, ಹಗಲಿಡೀ ಮಂಪರು. ಗದ್ದೆ ಕೆಲಸದವನಿಗೆ ಮಂಪರೆಂದರೆ ಕೂಲಿ ತಪ್ಪಿದಂತೆ. ಇದನ್ನು ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಲು, ಮಾತ್ರೆ ಬದಲಿಸಲು ದಾರಿಯಿದೆ. ತಾವಾಗಿಯೇ ಒಮ್ಮೆಲೆ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುವ ಅಪಾಯ ಹೆಚ್ಚು. ಇಂಗ್ಲೆಂಡಿನ ಮಾರ್ಗಸೂಚಿ ಕೂಡ ಮಾತ್ರೆ, ಮಾತು ಎರಡನ್ನೂ ಜೊತೆಗೇ ಕೊಡಿ ಎನ್ನುತ್ತದೆ. ನಮ್ಮ ಸೀಮೆಯ ಕೊರತೆ ಮಾತ್ರೆಯದಕ್ಕಿಂತ ಮಾತಿನದು: ಸರದಿ ಉದ್ದವಿದ್ದ ಕಡೆ ವೈದ್ಯರಿಗೆ ಸಿಗುವುದು ಚೀಟಿ ಬರೆದು ಮುಗಿಸುವಷ್ಟೇ ಹೊತ್ತು.

ಈ ಕೊರತೆಯ ನಡುವೆಯೂ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಸುವ ವ್ಯವಸ್ಥೆಯಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು.