ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಆಗಮಿಸುವ ವಿದೇಶಿ ಅತಿಥಿಗಳು: ವೀಸಾ, ಪ್ರವೇಶ ನಿಯಮಗಳು ಹಾಗೂ ಆತಿಥೇಯರ ಕರ್ತವ್ಯ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನು ಇಡಲಾಯಿತು. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳ ಸಂಚಾರವು ಎರಡನೆಯ ಟರ್ಮಿನಲ್‌ನಿಂದ ನಡೆಯುತ್ತಿದೆ. ಹೀಗೆ ಯುರೋಪ್, ಅಮೆರಿಕ ಮುಂತಾದ ಕಡೆಗಳಿಂದ ಬರುವ ಪ್ರವಾಸಿಗರು ಕರ್ನಾಟಕದಲ್ಲಿ ಮೊದಲು ಕಾಲಿಡುವ ನೆಲ ನಮ್ಮ ಜಿಲ್ಲೆಯದೇ ಆಗಿದೆ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ಮದುವೆ, ಗೃಹಪ್ರವೇಶ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ವಿದೇಶದಿಂದ ಅಳಿಯ, ಸೊಸೆ, ಮೊಮ್ಮಕ್ಕಳು, ಸ್ನೇಹಿತರು ಬರುತ್ತಿರುತ್ತಾರೆ. ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ವಿದೇಶಿ ತಂತ್ರಜ್ಞರು ಹಾಗೂ ಖರೀದಿದಾರರು ಭೇಟಿ ನೀಡುತ್ತಾರೆ. ಈ ಎಲ್ಲ ಸಂದರ್ಭಗಳಲ್ಲಿ ವೀಸಾ ಪಡೆಯುವುದು ಅತಿಥಿಯ ಹೊಣೆಯೆಂದು ಮಾತ್ರ ತಿಳಿದು ಆತಿಥೇಯರು ಸುಮ್ಮನಿರುವುದು ಸಾಮಾನ್ಯ. ಆದರೆ ವಿಮಾನ ನಿಲ್ದಾಣದ ಮುದ್ರೆಯೊಂದಿಗೆ ಕ್ರಮಗಳು ಮುಗಿಯುವುದಿಲ್ಲ. ಅತಿಥಿಯು ಮನೆಯ ಹೊಸ್ತಿಲು ದಾಟಿದ ಕ್ಷಣದಿಂದ ಆತಿಥೇಯರ ಕರ್ತವ್ಯ ಆರಂಭವಾಗುತ್ತದೆ. ಈ ಅಂಶವನ್ನು ನಾಗರಿಕರ ಗಮನಕ್ಕೆ ತರುವುದೇ ಈ ಪುಟದ ಉದ್ದೇಶ.

2. ಕಾನೂನು ಮತ್ತು ಅಧಿಕಾರ

ವೀಸಾ ಮತ್ತು ವಿದೇಶಿಯರ ಪ್ರವೇಶವು ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯ. 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಅಧಿನಿಯಮ, 1939ರ ವಿದೇಶಿಯರ ನೋಂದಣಿ ಅಧಿನಿಯಮ, 1946ರ ವಿದೇಶಿಯರ ಅಧಿನಿಯಮ ಮತ್ತು 2000ದ ವಲಸೆ (ವಾಹಕರ ಹೊಣೆ) ಅಧಿನಿಯಮಗಳ ಸ್ಥಾನದಲ್ಲಿ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025 ದಿನಾಂಕ 1-9-2025ರಿಂದ ಜಾರಿಗೆ ಬಂದಿದೆ. ಜಿಲ್ಲಾಧಿಕಾರಿ, ತಹಶೀಲ್ದಾರ್ ಅಥವಾ ಗ್ರಾಮ ಪಂಚಾಯಿತಿ ನೀಡುವ ಯಾವುದೇ ಪತ್ರವು ವೀಸಾಗೆ ಬದಲಿಯಾಗಲಾರದು.

3. ಯಾರಿಗೆ ಯಾವ ವೀಸಾ

(ಅ) ನೇಪಾಳ ಮತ್ತು ಭೂತಾನದ ಪ್ರಜೆಗಳಿಗೆ ಸಾಮಾನ್ಯವಾಗಿ ವೀಸಾ ಅಗತ್ಯವಿಲ್ಲ. ಯುರೋಪಿನ ದೇಶಗಳ ಪ್ರಜೆಗಳಿಗೆ ವೀಸಾ ಕಡ್ಡಾಯ.

(ಆ) ಇ-ವೀಸಾ: 2014ರ ನವೆಂಬರ್ 27ರಂದು ಈ ಸೌಲಭ್ಯವನ್ನು ಆರಂಭಿಸಿದಾಗ ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರು ಒಂದಾಗಿತ್ತು. ಪ್ರವಾಸ, ವ್ಯವಹಾರ, ವೈದ್ಯಕೀಯ ಚಿಕಿತ್ಸೆ, ಆಯುಷ್ ಚಿಕಿತ್ಸೆ, ಸಮ್ಮೇಳನ ಮೊದಲಾದ ಉದ್ದೇಶಗಳಿಗೆ ಪ್ರತ್ಯೇಕ ವರ್ಗಗಳಿವೆ. ಪ್ರವಾಸಿ ಇ-ವೀಸಾ 30 ದಿನ, 1 ವರ್ಷ ಮತ್ತು 5 ವರ್ಷಗಳ ಅವಧಿಗೆ ದೊರೆಯುತ್ತದೆ.

(ಇ) ಆಗಮನದ ನಂತರ ನೀಡುವ ವೀಸಾ: ಈ ಸೌಲಭ್ಯವು ಜಪಾನ್, ದಕ್ಷಿಣ ಕೊರಿಯಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಪ್ರಜೆಗಳಿಗೆ, ಷರತ್ತುಗಳಿಗೆ ಒಳಪಟ್ಟು, ಬೆಂಗಳೂರು ಸೇರಿದಂತೆ ಆಯ್ದ ವಿಮಾನ ನಿಲ್ದಾಣಗಳಲ್ಲಿ ಮಾತ್ರ ಇದೆ. ಯುರೋಪಿನ ಪ್ರಯಾಣಿಕರು ವೀಸಾ ಇಲ್ಲದೆ ವಿಮಾನ ಹತ್ತಲು ಹೋದಲ್ಲಿ ಅಲ್ಲಿಯೇ ತಡೆಯಲ್ಪಡುತ್ತಾರೆ.

(ಈ) ಉದ್ದೇಶ ಮತ್ತು ವೀಸಾದ ವರ್ಗ ಪರಸ್ಪರ ಹೊಂದಿಕೆಯಾಗಿರತಕ್ಕದ್ದು. ಬಂಧುಗಳ ಭೇಟಿ, ಘಾಟಿ ಸುಬ್ರಹ್ಮಣ್ಯ ಅಥವಾ ಶಿವಗಂಗೆಯ ದರ್ಶನ ಇವುಗಳಿಗೆ ಪ್ರವಾಸಿ ವೀಸಾ ಸಾಕು. ದೊಡ್ಡಬಳ್ಳಾಪುರದ ಸಿದ್ಧ ಉಡುಪು ಘಟಕಕ್ಕೆ ಖರೀದಿ ಮಾತುಕತೆಗಾಗಿ ಬರುವವರು ವ್ಯವಹಾರ ವೀಸಾ ಪಡೆಯಬೇಕು. ಸಂಬಳದ ಉದ್ಯೋಗಕ್ಕೆ ಉದ್ಯೋಗ ವೀಸಾ ಬೇಕು. ಪ್ರವಾಸಿ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ.

4. ಇ-ವೀಸಾ ಅರ್ಜಿ: ಗಮನಿಸಬೇಕಾದ ಅಂಶಗಳು

1) ಪಾಸ್‌ಪೋರ್ಟ್ ಭಾರತಕ್ಕೆ ಆಗಮಿಸುವ ದಿನದಿಂದ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕು, ಕನಿಷ್ಠ ಎರಡು ಖಾಲಿ ಪುಟಗಳಿರಬೇಕು.

2) ಅರ್ಜಿಯನ್ನು ಆಗಮನಕ್ಕೆ ಕನಿಷ್ಠ 4 ದಿನ ಮುಂಚಿತವಾಗಿ ಸಲ್ಲಿಸಬೇಕು. ಕೊನೆಯ ದಿನದವರೆಗೆ ಕಾಯದಿರುವುದು ಸೂಕ್ತ.

3) ಅಧಿಕೃತ ಜಾಲತಾಣವು ಭಾರತ ಸರ್ಕಾರದ ಇಂಡಿಯನ್‌ವೀಸಾಆನ್‌ಲೈನ್ ಡಾಟ್ ಜಿಒವಿ ಡಾಟ್ ಇನ್ ಮಾತ್ರ. ಇದೇ ಬಗೆಯ ಹೆಸರಿಟ್ಟುಕೊಂಡು ಹೆಚ್ಚಿನ ಹಣ ಪಡೆಯುವ ಖಾಸಗಿ ತಾಣಗಳಿವೆ. ವಿಳಾಸದ ಕೊನೆಯ ಭಾಗವನ್ನು ಪರಿಶೀಲಿಸಿದ ನಂತರವೇ ಪಾಸ್‌ಪೋರ್ಟ್ ವಿವರ ನಮೂದಿಸುವಂತೆ ಅತಿಥಿಗಳಿಗೆ ತಿಳಿಸಿರಿ.

4) ಶುಲ್ಕವು ದೇಶ ಮತ್ತು ಅವಧಿಗೆ ಅನುಗುಣವಾಗಿ ವ್ಯತ್ಯಾಸವಾಗುತ್ತದೆ. ಅರ್ಜಿ ತಿರಸ್ಕೃತವಾದರೂ ಪಾವತಿಸಿದ ಶುಲ್ಕವನ್ನು ಹಿಂದಿರುಗಿಸಲಾಗುವುದಿಲ್ಲ.

5) ಹೆಸರು, ಜನ್ಮ ದಿನಾಂಕ ಮತ್ತು ಪಾಸ್‌ಪೋರ್ಟ್ ಸಂಖ್ಯೆ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಒಂದು ಅಕ್ಷರದ ಅಥವಾ ಅಂಕಿಯ ತಪ್ಪಿದ್ದರೂ ಪ್ರವೇಶಕ್ಕೆ ತೊಂದರೆಯಾಗಬಹುದು.

6) ಭಾರತದಲ್ಲಿನ ವಿಳಾಸದ ಕಾಲಂನಲ್ಲಿ ಗ್ರಾಮ, ಅಂಚೆ, ತಾಲ್ಲೂಕು ಮತ್ತು ಪಿನ್ ಕೋಡ್ ಸಹಿತ ಪೂರ್ಣ ವಿಳಾಸವನ್ನು ಕೊಡಬೇಕು. ಕೇವಲ 'ಬೆಂಗಳೂರು' ಎಂದು ಬರೆದರೆ ಸಾಲದು. ಜಿಲ್ಲೆಯನ್ನು 'ಬೆಂಗಳೂರು ಉತ್ತರ' ಎಂದು ಮರುನಾಮಕರಣ ಮಾಡಲು 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ನಡೆದ ರಾಜ್ಯ ಸಚಿವ ಸಂಪುಟ ಸಭೆಯು ಒಪ್ಪಿಗೆ ನೀಡಿದೆ. ಆದುದರಿಂದ ಅರ್ಜಿಯ ಪಟ್ಟಿಯಲ್ಲಿ ಎರಡರಲ್ಲಿ ಯಾವ ಹೆಸರು ಕಂಡುಬರುತ್ತದೆಯೋ ಅದನ್ನೇ ಆಯ್ಕೆ ಮಾಡಿ, ಮುಂದಿನ ಎಲ್ಲ ಅರ್ಜಿಗಳಲ್ಲಿಯೂ ವಿಳಾಸವನ್ನು ಒಂದೇ ರೀತಿ ನಮೂದಿಸಿರಿ.

7) 30 ದಿನಗಳ ಪ್ರವಾಸಿ ಇ-ವೀಸಾದ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅನುಮೋದನೆ ಪತ್ರದಲ್ಲಿ ಮುದ್ರಿತವಾದ ಮುಕ್ತಾಯದ ದಿನಾಂಕವು ಅತಿಥಿಯು ಭಾರತವನ್ನು ತಲುಪಬೇಕಾದ ಕೊನೆಯ ದಿನವನ್ನು ಸೂಚಿಸುತ್ತದೆ. ವಾಸದ 30 ದಿನಗಳನ್ನು ಆಗಮನದ ದಿನದಿಂದ ಎಣಿಸಲಾಗುತ್ತದೆ. 1 ಮತ್ತು 5 ವರ್ಷಗಳ ಪ್ರವಾಸಿ ಇ-ವೀಸಾದಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು ವಾಸ 180 ದಿನಗಳನ್ನು ಮೀರುವಂತಿಲ್ಲ.

5. ವಿಮಾನ ನಿಲ್ದಾಣದಲ್ಲಿ

ಅತಿಥಿಯು ಪಾಸ್‌ಪೋರ್ಟ್, ಇ-ವೀಸಾ ಅನುಮೋದನೆ ಪತ್ರದ ಮುದ್ರಿತ ಪ್ರತಿ, ಹಿಂದಿರುಗುವ ಟಿಕೆಟ್ ಮತ್ತು ಆತಿಥೇಯರ ವಿಳಾಸ ಹಾಗೂ ದೂರವಾಣಿ ಸಂಖ್ಯೆಯನ್ನು ಕೈಚೀಲದಲ್ಲಿಯೇ ಇಟ್ಟುಕೊಂಡಿರಬೇಕು. ವಲಸೆ ಕೌಂಟರ್‌ನಲ್ಲಿ ಬೆರಳಚ್ಚು ಮತ್ತು ಭಾವಚಿತ್ರ ತೆಗೆಯಲಾಗುತ್ತದೆ. 2025ರ ಅಕ್ಟೋಬರ್ 1ರಿಂದ ವಿದೇಶಿ ಪ್ರಜೆಗಳಿಗೆ ಇ-ಆಗಮನ ಕಾರ್ಡ್ ಪದ್ಧತಿ ಜಾರಿಯಲ್ಲಿದ್ದು, ಆಗಮನಕ್ಕೆ ಮುಂಚಿನ 72 ಗಂಟೆಗಳ ಒಳಗೆ ಇದನ್ನು ಆನ್‌ಲೈನ್‌ನಲ್ಲಿ ಭರ್ತಿ ಮಾಡಬೇಕು. ಇದಕ್ಕೆ ಶುಲ್ಕವಿಲ್ಲ, ಇದು ವೀಸಾ ಅಲ್ಲ.

ಹಳದಿ ಜ್ವರದ ಪ್ರಮಾಣಪತ್ರ: ಈ ನಿಯಮವು ಪ್ರಯಾಣಿಕನ ರಾಷ್ಟ್ರೀಯತೆಯನ್ನು ಅವಲಂಬಿಸಿಲ್ಲ, ಅವನು ಬಂದ ದಾರಿಯನ್ನು ಅವಲಂಬಿಸಿದೆ. ಜರ್ಮನಿಯಿಂದ ನೇರವಾಗಿ ಬರುವ ಅತಿಥಿಗೆ ಇದು ಬೇಕಿಲ್ಲ. ಅದೇ ಅತಿಥಿಯು ಘಾನಾ, ನೈಜೀರಿಯಾ, ಸೆನೆಗಲ್, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ದೇಶದಿಂದ ಹೊರಟು 6 ದಿನಗಳೊಳಗೆ ಇಲ್ಲಿಗೆ ಬಂದಲ್ಲಿ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕು. ಇಲ್ಲವಾದಲ್ಲಿ 6 ದಿನಗಳವರೆಗೆ ಪ್ರತ್ಯೇಕ ನಿಗಾದಲ್ಲಿ ಇರಿಸಲು ಅವಕಾಶವಿದೆ. ಭಾರತದಲ್ಲಿ ಹಳದಿ ಜ್ವರ ಇಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅಂದರೆ ಡೆಂಗ್ಯೂ ಹರಡುವ ಅದೇ ಸೊಳ್ಳೆ, ನಮ್ಮ ನೀರಿನ ತೊಟ್ಟಿಗಳಲ್ಲಿಯೇ ಇದೆ. ಈ ಕಾರಣದಿಂದ ನಿಯಮ ಕಟ್ಟುನಿಟ್ಟಾಗಿದೆ. ಪ್ರಮಾಣಪತ್ರವು ಲಸಿಕೆ ಪಡೆದ 10 ದಿನಗಳ ನಂತರ ಊರ್ಜಿತವಾಗಿ, ಜೀವನಪರ್ಯಂತ ಚಾಲ್ತಿಯಲ್ಲಿರುತ್ತದೆ. ಆ ದೇಶಗಳಿಗೆ ಉದ್ಯೋಗ ಅಥವಾ ವ್ಯಾಪಾರಕ್ಕಾಗಿ ಹೋಗಿ ಹಿಂದಿರುಗುವ ನಮ್ಮ ಜಿಲ್ಲೆಯ ನಾಗರಿಕರಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವರು ಸರ್ಕಾರ ಗುರುತಿಸಿದ ಲಸಿಕಾ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಲಸಿಕೆ ಪಡೆಯತಕ್ಕದ್ದು.

ತರಬಾರದ ವಸ್ತುಗಳು: ಅನುಮತಿಯಿಲ್ಲದ ಉಪಗ್ರಹ ದೂರವಾಣಿ ಹಾಗೂ ಇ-ಸಿಗರೇಟ್. ವಿದೇಶಿ ನೋಟುಗಳು 5,000 ಅಮೆರಿಕನ್ ಡಾಲರ್ ಮೌಲ್ಯವನ್ನು ಮೀರಿದಲ್ಲಿ ಸುಂಕದ ಅಧಿಕಾರಿಗಳಿಗೆ ಘೋಷಣೆ ಸಲ್ಲಿಸಬೇಕು.

6. ಆತಿಥೇಯರ ಕರ್ತವ್ಯ

ವಿದೇಶಿಯರಿಗೆ ವಸತಿ ನೀಡುವವರು ಅತಿಥಿ ಬಂದ 24 ಗಂಟೆಗಳೊಳಗೆ ಆ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸತಕ್ಕದ್ದು. ಇದು ಬಹುಕಾಲದಿಂದ 'ಸಿ' ನಮೂನೆ ಎಂದು ಪರಿಚಿತವಾಗಿದೆ. ಹೋಟೆಲ್, ಲಾಡ್ಜ್, ಹೋಂಸ್ಟೇ, ಪೇಯಿಂಗ್ ಗೆಸ್ಟ್, ವಿದ್ಯಾರ್ಥಿ ನಿಲಯ, ಧರ್ಮಶಾಲೆಗಳಲ್ಲದೆ ಖಾಸಗಿ ಮನೆಗಳಿಗೂ ಈ ವ್ಯವಸ್ಥೆಯಲ್ಲಿ ನೋಂದಣಿಗೆ ಅವಕಾಶ ಕಲ್ಪಿಸಲಾಗಿದೆ. ಬಾಡಿಗೆ ಪಡೆಯುತ್ತಿಲ್ಲ, ಬಂದವರು ನೆಂಟರು ಎಂಬ ಕಾರಣಕ್ಕೆ ಇದನ್ನು ಕೈಬಿಡಬಾರದು.

ಸಲ್ಲಿಸುವ ವಿಧಾನ:
- ವಿದೇಶಿಯರ ನೋಂದಣಿ ಜಾಲತಾಣ ಇಂಡಿಯನ್‌ಎಫ್‌ಆರ್‌ಆರ್‌ಒ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ವಸತಿದಾರರಾಗಿ ಒಮ್ಮೆ ನೋಂದಾಯಿಸಿಕೊಳ್ಳುವುದು. ಅತಿಥಿ ಬರುವ ಮೊದಲೇ ಇದನ್ನು ಪೂರೈಸಿದರೆ 24 ಗಂಟೆಯ ಗಡುವು ಭಾರವಾಗದು.
- ಅತಿಥಿಯ ಭಾವಚಿತ್ರ, ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆ, ಸ್ವದೇಶದ ವಿಳಾಸ, ಭಾರತಕ್ಕೆ ಬಂದ ದಿನಾಂಕ, ಎಲ್ಲಿಂದ ಬಂದರು ಮತ್ತು ಮುಂದೆ ಎಲ್ಲಿಗೆ ಹೋಗುವರು ಎಂಬ ವಿವರಗಳನ್ನು ನಮೂದಿಸುವುದು.
- ಸಲ್ಲಿಸಿದ ನಮೂನೆಯ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳುವುದು.

ಈ ಪ್ರತಿಯು ಆತಿಥೇಯರಿಗಷ್ಟೇ ಅಲ್ಲದೆ ಅತಿಥಿಗೂ ರಕ್ಷಣೆ. ಪಾಸ್‌ಪೋರ್ಟ್ ಕಳೆದುಹೋದಾಗ, ಅನಾರೋಗ್ಯದಿಂದ ವಾಸ ಮುಂದುವರಿಸಬೇಕಾದಾಗ ಅತಿಥಿಯು ಎಲ್ಲಿ ತಂಗಿದ್ದರೆಂಬುದಕ್ಕೆ ಇದು ದಾಖಲೆಯಾಗುತ್ತದೆ.

180 ದಿನಗಳಿಗೆ ಮೀರಿದ ಅವಧಿಯ ಉದ್ಯೋಗ, ವಿದ್ಯಾರ್ಥಿ ಮುಂತಾದ ವೀಸಾ ಹೊಂದಿದವರು ಆಗಮನದ 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. 2018ರಿಂದ ಈ ಸೇವೆಗಳನ್ನು ಆನ್‌ಲೈನ್‌ನಲ್ಲಿ ನೀಡಲಾಗುತ್ತಿದೆ. ಅಧಿಕಾರಿಗಳು ಕರೆದಾಗ ಮಾತ್ರ ಖುದ್ದಾಗಿ ಹಾಜರಾದರೆ ಸಾಕು.

7. ವಿದೇಶಿ ಪೌರತ್ವ ಪಡೆದ ಕನ್ನಡಿಗರು

ವಿದೇಶಿ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಹಳೆಯ ಭಾರತೀಯ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಅವಧಿ ಉಳಿದಿದೆಯೆಂದು ಅದನ್ನು ಬಳಸಿ ಪ್ರಯಾಣಿಸುವುದು ಅಪರಾಧ. ಅದನ್ನು ಭಾರತದ ರಾಯಭಾರ ಕಚೇರಿಗೆ ಒಪ್ಪಿಸತಕ್ಕದ್ದು. ಇಂತಹವರು ಸಾಗರೋತ್ತರ ಭಾರತೀಯ ನಾಗರಿಕ, ಅಂದರೆ ಓಸಿಐ, ಕಾರ್ಡ್ ಪಡೆದಲ್ಲಿ ಜೀವನಪರ್ಯಂತ ಅನೇಕ ಬಾರಿ ಪ್ರವೇಶಿಸಬಹುದು. ಕಾರ್ಡಿನ ಜೊತೆಗೆ ಚಾಲ್ತಿಯಲ್ಲಿರುವ ವಿದೇಶಿ ಪಾಸ್‌ಪೋರ್ಟ್ ಕೂಡ ಇರಬೇಕು. ಓಸಿಐ ಕಾರ್ಡ್‌ನಿಂದ ಮತದಾನದ ಹಕ್ಕು ಬರುವುದಿಲ್ಲ. ಕೃಷಿ ಜಮೀನನ್ನು ಖರೀದಿಸುವ ಹಕ್ಕೂ ಬರುವುದಿಲ್ಲ.

ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಮೊಮ್ಮಕ್ಕಳಿಗೆ, ಹಸುಗೂಸಾದರೂ, ಪ್ರತ್ಯೇಕ ವೀಸಾ ಅಥವಾ ಓಸಿಐ ಕಾರ್ಡ್ ಬೇಕು. ತಂದೆ ತಾಯಿಯ ದಾಖಲೆಗಳು ಮಗುವಿಗೆ ಸಾಲುವುದಿಲ್ಲ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಊರಿನಲ್ಲಿ ತಂದೆ ತೀವ್ರ ಅಸ್ವಸ್ಥರಾಗಿದ್ದಾರೆ. ಮಗನ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ಓಸಿಐ ಇಲ್ಲ. ಏನು ಮಾಡಬೇಕು?
ಉತ್ತರ: ಅವರು ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿಯನ್ನು ತುರ್ತು ವೀಸಾಗಾಗಿ ಸಂಪರ್ಕಿಸಬೇಕು. ಇಲ್ಲಿರುವ ಕುಟುಂಬದವರು ಆಸ್ಪತ್ರೆಯಿಂದ ರೋಗಿಯ ಹೆಸರು, ದಾಖಲಾದ ದಿನಾಂಕ, ಸ್ಥಿತಿ ಮತ್ತು ವೈದ್ಯರ ಸಹಿ ಮೊಹರು ಇರುವ ಪತ್ರವನ್ನು ಪಡೆದು ಕೂಡಲೇ ಕಳುಹಿಸಬೇಕು. ಇಂತಹ ಸಮಯದಲ್ಲಿ ಒಂದೊಂದು ಗಂಟೆಯೂ ಮುಖ್ಯ. ಆದುದರಿಂದ ವಯಸ್ಸಾದ ತಂದೆ ತಾಯಿ ಇರುವವರು ಓಸಿಐ ಕಾರ್ಡನ್ನು ಮೊದಲೇ ಮಾಡಿಸಿಕೊಳ್ಳುವುದು ಒಳಿತು.

ಪ್ರಶ್ನೆ: ಪಾಸ್‌ಪೋರ್ಟ್ ಕಳೆದುಹೋಗಿದೆ.
ಉತ್ತರ: ಪೊಲೀಸ್ ಠಾಣೆಯಲ್ಲಿ ದೂರು ನೀಡಿ ಸ್ವೀಕೃತಿ ಪಡೆಯಿರಿ. ಅತಿಥಿಯ ದೇಶದ ದೂತಾವಾಸದಿಂದ ಬದಲಿ ಪ್ರಯಾಣ ದಾಖಲೆ ಪಡೆದು, ನಂತರ ಆನ್‌ಲೈನ್‌ನಲ್ಲಿ ನಿರ್ಗಮನ ಅನುಮತಿಗೆ ಅರ್ಜಿ ಸಲ್ಲಿಸಬೇಕು. ಜರ್ಮನಿ, ಫ್ರಾನ್ಸ್, ಬ್ರಿಟನ್, ನೆದರ್‌ಲ್ಯಾಂಡ್ಸ್ ಮತ್ತು ಸ್ವಿಟ್ಜರ್‌ಲ್ಯಾಂಡ್‌ಗಳ ಕಚೇರಿಗಳು ಬೆಂಗಳೂರಿನಲ್ಲಿಯೇ ಇವೆ. ಪ್ರಾದೇಶಿಕ ವಿದೇಶಿಯರ ನೋಂದಣಿ ಕಚೇರಿಯು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ.

ಪ್ರಶ್ನೆ: ವೀಸಾ ಅವಧಿ ಎರಡು ದಿನ ಮೀರಿದರೆ ಪರವಾಗಿಲ್ಲವೇ?
ಉತ್ತರ: ಇಲ್ಲ. ಅವಧಿ ಮೀರಿ ಉಳಿಯುವುದು 2025ರ ಅಧಿನಿಯಮದಂತೆ 3 ವರ್ಷಗಳವರೆಗೆ ಸೆರೆವಾಸ ಮತ್ತು 3 ಲಕ್ಷ ರೂ.ವರೆಗೆ ದಂಡಕ್ಕೆ ಗುರಿಯಾಗಬಲ್ಲ ಅಪರಾಧ. ಅನಾರೋಗ್ಯ ಅಥವಾ ವಿಮಾನ ರದ್ದತಿಯಂತಹ ಕಾರಣವಿದ್ದಲ್ಲಿ ಅವಧಿ ಮುಗಿಯುವ ಮೊದಲೇ ದಾಖಲೆ ಸಹಿತ ಅರ್ಜಿ ಸಲ್ಲಿಸಿರಿ.

ಪ್ರಶ್ನೆ: ಅತಿಥಿಯನ್ನು ಬೈಲಕುಪ್ಪೆಗೆ ಕರೆದೊಯ್ಯಬಹುದೇ?
ಉತ್ತರ: ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟಿಯನ್ ವಸತಿಗಳಲ್ಲಿ ವಿದೇಶಿಯರು ತಂಗಲು ಮುಂಚಿತವಾಗಿ ಸಂರಕ್ಷಿತ ಪ್ರದೇಶದ ಅನುಮತಿ ಪಡೆಯಬೇಕು.

9. ಸೂಚನೆ

ವೀಸಾ ನಿಯಮಗಳು ಮತ್ತು ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಟಿಕೆಟ್ ಕಾಯ್ದಿರಿಸುವ ಮೊದಲು ಮೇಲೆ ತಿಳಿಸಿದ ಅಧಿಕೃತ ಜಾಲತಾಣಗಳನ್ನು ನೋಡತಕ್ಕದ್ದು. ವೀಸಾ ಮಾಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ಅಥವಾ ಮೂಲ ದಾಖಲೆಗಳನ್ನು ನೀಡಬಾರದಾಗಿ ಕೋರಲಾಗಿದೆ. ಅತಿಥಿ ಸತ್ಕಾರ ನಮ್ಮ ನಾಡಿನ ಸಂಪ್ರದಾಯ. ಅತಿಥಿಯ ದಾಖಲೆಗಳು ಕ್ರಮಬದ್ಧವಾಗಿರುವಂತೆ ನೋಡಿಕೊಳ್ಳುವುದೂ ಆ ಸತ್ಕಾರದ ಒಂದು ಭಾಗವೆಂದು ನಾಗರಿಕರು ಭಾವಿಸಿ ಸಹಕರಿಸಬೇಕಾಗಿ ವಿನಂತಿ.